ಕಾಲರ್ ಹೊಲಿದವಳ ಮಗಳಿಗೆ

ಪಾಂಡವಪುರ
ಭಾನುವಾರ ಸಂಜೆ

ಚಿ|| ಸಿಂಚನಾಳಿಗೆ,

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನೀನು ‘ಹೂಂ ದೊಡ್ಡಮ್ಮ, ಸರಿ ದೊಡ್ಡಮ್ಮ’ ಅಂದು ಕಟ್ ಮಾಡಿಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡೋಕೆ ಆಗಲ್ಲ. ಇವತ್ತಲ್ಲದಿದ್ದರೆ ನಾಳೆ, ಪುಸ್ತಕದ ಸಂದಿಯಿಂದ ಬಿದ್ದಾಗಲಾದರೂ ಓದುತ್ತೀಯ.

ಹೋದ ವಾರ ನಿಮ್ಮಮ್ಮ ಬಂದಿದ್ದಳು. ಚೀಲ ಇಳಿಸುವ ಮುಂಚೆಯೇ, ‘ಅಕ್ಕಾ, ನೀನೇ ಒಂದು ಮಾತು ಹೇಳು. ಪಿಯುಸಿಯಲ್ಲಿ ಒಳ್ಳೆ ನಂಬರು ತಗೊಂಡವ್ಳೆ, ನರ್ಸಿಂಗ್ ಸೇರು ಅಂದ್ರೆ ಬೆಂಗಳೂರಿಗೋಗಿ ಬಟ್ಟೆ ಹೊಲಿಯೋದು ಕಲೀತೀನಿ ಅಂತಾಳೆ. ಹೊಲಿಯೋಕೆ ನಾನೊಬ್ಬಳು ಸಾಲದಾ?’ ಅಂದಳು. ಕೊನೆಯ ಮಾತು ಹೇಳುವಾಗ ಅವಳ ಗಂಟಲು ಕಟ್ಟಿತು. ಅದಕ್ಕೇ ಈ ಕಾಗದ.

ನಿಮ್ಮಮ್ಮ ಶ್ರೀರಂಗಪಟ್ಟಣದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ದುಡಿದಳು, ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಅವಳು ಆ ಒಂಬತ್ತು ವರ್ಷವೂ ಹೊಲಿದದ್ದು ಬರೀ ಕಾಲರ್. ಲೈನಿನಲ್ಲಿ ಒಬ್ಬಳಿಗೆ ಕಫ್, ಒಬ್ಬಳಿಗೆ ಜೇಬು, ಒಬ್ಬಳಿಗೆ ಕಾಜಾ, ನಿಮ್ಮಮ್ಮನಿಗೆ ಕಾಲರ್. ಗಂಟೆಗೆ ಅರವತ್ತು ಪೀಸಿನ ಟಾರ್ಗೆಟ್ ಅನ್ನುತ್ತಿದ್ದಳು. ನಾನು ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ: ದಿನಕ್ಕೆ 480, ವರ್ಷಕ್ಕೆ 300 ದಿನ ಅಂದರೂ ಒಂಬತ್ತು ವರ್ಷಕ್ಕೆ 12 ಲಕ್ಷ ಕಾಲರ್ ದಾಟುತ್ತದೆ. ಅಷ್ಟು ಹೊಲಿದ ಕೈ ಒಂದೇ ಒಂದು ಶರ್ಟನ್ನು ಶುರುವಿನಿಂದ ಕೊನೆಯವರೆಗೆ ಹೊಲಿಯಲಿಲ್ಲ. ಆ ಶರ್ಟು ಯಾವ ದೇಶಕ್ಕೆ ಹೋಯಿತು, ಯಾರು ತೊಟ್ಟರು, ಎಷ್ಟಕ್ಕೆ ಮಾರಿದರು, ಯಾವುದೂ ಅವಳಿಗೆ ಗೊತ್ತಾಗಲಿಲ್ಲ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಸಡಿಲವಾದ ಹೊತ್ತಿನಲ್ಲಿ, ಕೆಲಸ ಇಲ್ಲ ಎಂದು ಹೇಳಿದಾಗ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಕಾರ್ಖಾನೆಯ ಆವರಣದಲ್ಲೇ ವಾರಗಟ್ಟಲೆ ಧರಣಿ ಕೂತರಲ್ಲ, ಅವರಲ್ಲಿ ನಿಮ್ಮಮ್ಮನೂ ಇದ್ದಳು. ನೀನಾಗ ಚಿಕ್ಕವಳು. ‘ಅಮ್ಮ ಯಾಕೆ ಲೇಟು’ ಅಂತ ನನಗೆ ಫೋನ್ ಮಾಡುತ್ತಿದ್ದೆ.

ಆದ್ದರಿಂದ ‘ಹೊಲಿಗೆ’ ಅನ್ನುವ ಮಾತು ಕೇಳಿದರೆ ಅವಳ ಕಣ್ಣಿಗೆ ಬರುವುದು ಸೂಪರ್‌ವೈಸರನ ಕೂಗು ಮತ್ತು ಆ ಧರಣಿ. ನಿನ್ನ ಕಣ್ಣಿಗೆ ಬರುವುದು ಪೂರ್ತಿ ಉಡುಪು. ಇಬ್ಬರೂ ಒಂದೇ ಪದ ಆಡುತ್ತಾ ಬೇರೆ ಬೇರೆ ಮಾತಾಡುತ್ತಿದ್ದೀರಿ. ಅವಳನ್ನು ಎದುರು ಹಾಕಿಕೊಂಡು ಹೋಗಬೇಡ. ಒಂದು ಶರ್ಟಿನ ಚಿತ್ರ ಬರೆದು, ‘ಅಮ್ಮಾ, ಈ ಕಾಲರ್ ಹೀಗೆ ಕೂರುತ್ತಾ?’ ಅಂತ ಕೇಳು. ಕಾಲರಿನ ಮಟ್ಟಿಗೆ ನಿನ್ನ ಯಾವ ಪ್ರೊಫೆಸರಿಗಿಂತಲೂ ಅವಳಿಗೆ ಹೆಚ್ಚು ಗೊತ್ತು.

ಈಗ ನನ್ನ ಪುರಾಣ ಸ್ವಲ್ಪ ಕೇಳು. 1981ರಲ್ಲಿ ನಾನು ಕೆ.ಆರ್. ಪೇಟೆಯ ಹೈಸ್ಕೂಲಿಗೆ ಹೊಲಿಗೆ ಟೀಚರ್ ಆಗಿ ಸೇರಿದಾಗ ಸ್ಟಾಫ್‌ರೂಮಿನಲ್ಲಿ ನನಗೆ ಕೊಟ್ಟದ್ದು ಬಾಗಿಲ ಪಕ್ಕದ ಸ್ಟೂಲು. ಗಣಿತದ ಮೇಷ್ಟ್ರಿಗೆ ಕುರ್ಚಿ, ವಿಜ್ಞಾನದವರಿಗೆ ಕುರ್ಚಿ, ಹೊಲಿಗೆಗೆ ಸ್ಟೂಲು. ನನ್ನ ಪೀರಿಯಡ್ಡನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದಿತ್ತು. ಬ್ಲೌಸಿನ ತೋಳು ಕತ್ತರಿಸುವಾಗ ಎಷ್ಟು ಗಣಿತ ಬೇಕು ಅಂತ ಆ ಮೇಷ್ಟ್ರಿಗೆ ಒಂದು ದಿನ ತೋರಿಸಿದೆ. ಆಮೇಲೂ ಸ್ಟೂಲೇ ಇತ್ತು, ಆದರೆ ಪೀರಿಯಡ್ ಕೇಳುವುದನ್ನು ಅವರು ಬಿಟ್ಟರು.

ಕೆ.ಆರ್. ಪೇಟೆಯಿಂದ ಹೊಸಹೊಳಲು ನಡೆಯುವಷ್ಟು ದೂರ. ಬೇಜಾರಾದ ಶನಿವಾರ ಅಲ್ಲಿನ ಲಕ್ಷ್ಮೀನಾರಾಯಣ ಗುಡಿಗೆ ಹೋಗಿ ಕೂರುತ್ತಿದ್ದೆ. ಹೊಯ್ಸಳರ ಹದಿಮೂರನೇ ಶತಮಾನದ ತ್ರಿಕೂಟ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು, ಇದು ಸೇರಲಿಲ್ಲ. ಜನಜಂಗುಳಿ ಇಲ್ಲದ್ದರಿಂದ ನಿನ್ನಂಥವಳಿಗೆ ಅದೇ ಅನುಕೂಲ. ಗೋಡೆಯ ವಿಗ್ರಹಗಳ ತುರುಬು ನೋಡು, ಸೊಂಟದ ಪಟ್ಟಿ ನೋಡು, ಕಿವಿಯ ಓಲೆ ಭುಜಕ್ಕೆ ತಾಗುವ ಹಾಗೆ ಹೇಗೆ ಇಳಿದಿದೆ ನೋಡು. ಎಂಟುನೂರು ವರ್ಷದ ಹಿಂದೆ ಯಾರೋ ಒಬ್ಬಳ ಕೂದಲನ್ನು ಯಾರೋ ಒಬ್ಬಳು ಹಾಗೆ ಕಟ್ಟಿದ್ದರಿಂದಲೇ ಅಲ್ಲವೇ ಶಿಲ್ಪಿಗೆ ಅದನ್ನು ಕೆತ್ತಲು ಹೊಳೆದದ್ದು? ಸ್ಕೆಚ್ ಪುಸ್ತಕ ತಗೊಂಡು ಎರಡು ದಿನ ಅಲ್ಲಿ ಕೂತು ಬಾ. ಹಾಗೇ ಶ್ರೀರಂಗಪಟ್ಟಣದ ದರಿಯಾ ದೌಲತ್. ಮನೆಯ ಮಗ್ಗುಲಲ್ಲೇ ಇದೆ ಅಂತ ನೀನು ಸ್ಕೂಲಿನ ಟ್ರಿಪ್ ಬಿಟ್ಟರೆ ಒಳಗೆ ಹೋಗಿಲ್ಲ. 1784ರಲ್ಲಿ ಕಟ್ಟಿದ್ದು. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಎಲ್ಲರೂ ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತಾ ಕೂತ ಬ್ರಿಟಿಷರ ಕರ್ನಲ್ ಬೈಲಿಯನ್ನು ನೋಡಿ ಬರುತ್ತಾರೆ. ನೀನು ಅಂಗಿ, ರುಮಾಲು, ಸೊಂಟಪಟ್ಟಿ ನೋಡು. ಯಾವ ಕಡೆಯ ಸೈನಿಕ ಏನು ತೊಟ್ಟಿದ್ದಾನೆ ಅನ್ನುವುದರಿಂದಲೇ ಆ ಗೋಡೆಯ ಕಥೆ ಬಿಡಿಸಬಹುದು.

ಇನ್ನು ನೀನು ವಾಟ್ಸಾಪಿನಲ್ಲಿ ಕಳಿಸಿದ ಬಣ್ಣದ ಬ್ರೋಷರ್. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಗಾಜಿನ ಕಟ್ಟಡ, ರ್‍ಯಾಂಪಿನ ಮೇಲೆ ನಡೆಯುವ ಹುಡುಗಿಯರು, ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’. ಒಂದೇ ಒಂದು ಹೊಲಿಗೆ ಮಿಷನ್ನಿನ ಫೋಟೊ ಇಲ್ಲ ಕಣೇ! ಅಡುಗೆ ಕಲಿಸುತ್ತೇವೆ ಅಂದು ಒಲೆಯನ್ನೇ ತೋರಿಸದ ಹಾಗೆ.

ನಾಗಮಂಗಲದಲ್ಲಿ ನಾನಿದ್ದಾಗ ಪಕ್ಕದ ಮನೆಯ ಹುಡುಗಿ ಹೀಗೇ ಒಂದು ಬ್ರೋಷರ್ ನಂಬಿ, ಅವರಪ್ಪ ಎರಡು ಹಸು ಮಾರಿ ತಂದ ದುಡ್ಡು ಕಟ್ಟಿದಳು. ನಾಲ್ಕನೇ ತಿಂಗಳಿಗೆ ಬಾಗಿಲಿಗೆ ಬೀಗ. ಆ ಸಂಸ್ಥೆಯ ಹೆಸರು ಬೇಡ, ಈಗ ಅದು ಇಲ್ಲ. ಆದರೆ ಆ ಹುಡುಗಿ ಮನೆಗೆ ಬಂದು ಮೂರು ತಿಂಗಳು ಹೊರಗೆ ಮುಖ ತೋರಿಸಲಿಲ್ಲ, ಮೋಸ ಮಾಡಿದವಳು ತಾನೇ ಅನ್ನುವ ಹಾಗೆ.

ಅದಕ್ಕೇ ಹೇಳುವುದು: ದುಡ್ಡು ಕಟ್ಟುವ ಮುಂಚೆ ಒಂದು ದಿನ ಸುಮ್ಮನೆ ಹೋಗು. ಶಕ್ತಿ ಯೋಜನೆ ಬಂದ ಮೇಲೆ ನಿನಗೆ ಬಸ್ಸಿನ ಖರ್ಚೂ ಇಲ್ಲ. ಆಫೀಸಿನಲ್ಲಿ ಕೂರಿಸಿ ಕಾಫಿ ಕೊಡುವವರನ್ನು ಬಿಟ್ಟು, ಗೇಟಿನ ಹೊರಗೆ ಟೀ ಕುಡಿಯುವ ಹುಡುಗಿಯರನ್ನು ಕೇಳು. ಒಂದು ಮಿಷನ್ನಿಗೆ ಎಷ್ಟು ಜನ? ವಾರಕ್ಕೆ ಎಷ್ಟು ಗಂಟೆ ಕೈಯಲ್ಲಿ ಕತ್ತರಿ ಇರುತ್ತದೆ? ಬಟ್ಟೆ, ಕಿಟ್ಟು, ಪರೀಕ್ಷೆ ಎಲ್ಲ ಆ ಫೀಸಿನಲ್ಲೇ ಬರುತ್ತಾ ಅಥವಾ ತಿಂಗಳಿಗೊಂದು ಹೊಸ ಲೆಕ್ಕ ತೆಗೆಯುತ್ತಾರಾ? ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು ಅನ್ನುವುದನ್ನು ಬರಹದಲ್ಲಿ ಕೊಡಿ ಅನ್ನು. ಆಗ ಅವರ ಮುಖ ನೋಡು, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ದೊಡ್ಡ ಶಾಲೆಗೇ ಹೋಗಬೇಕೆಂದಿದ್ದರೆ ಎಚ್‌ಎಸ್‌ಆರ್ ಲೇಔಟಿನ ನಿಫ್ಟ್ ಇದೆ. 1986ರಲ್ಲಿ ದೆಹಲಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಪಿಯುಸಿ ಯಾವ ವಿಭಾಗದಲ್ಲಿ ಮಾಡಿದ್ದರೂ ಬಿ.ಡಿಸೈನಿಗೆ ಪ್ರವೇಶ ಪರೀಕ್ಷೆ ಬರೆಯಬಹುದು, ನಾಲ್ಕು ವರ್ಷದ ಓದು. ಚಿತ್ರ ಬರೆಯುವ ಪರೀಕ್ಷೆ ಒಂದು, ಸಾಮಾನ್ಯ ತಿಳಿವಳಿಕೆಯದು ಒಂದು, ಅದರಲ್ಲಿ ಗೆದ್ದರೆ ಕೈಗೆ ಸಾಮಾನು ಕೊಟ್ಟು ಏನಾದರೂ ಮಾಡಿ ತೋರಿಸು ಅನ್ನುವ ಮೂರನೆಯದು. ಈ ಮೂರನೆಯದರಲ್ಲಿ ನೀನು ಬೆಂಗಳೂರಿನ ಮಕ್ಕಳಿಗಿಂತ ಹಿಂದೆ ಬೀಳುವವಳಲ್ಲ. ತೆಂಗಿನ ಗರಿಯಲ್ಲಿ ಗಿಳಿ, ಗಡಿಯಾರ ಕಟ್ಟುತ್ತಾ ಬೆಳೆದವಳು ನೀನು. ಫೀಸು ಮಾತ್ರ ಲಕ್ಷಗಳಲ್ಲೇ, ಅದನ್ನು ಮುಚ್ಚಿಡುವುದಿಲ್ಲ. ಒಂದು ವರ್ಷ ತಯಾರಿ ಮಾಡಿ ಬರೆಯಬೇಕು ಅಂದರೆ ಬರಿ, ಆ ವರ್ಷದ ಊಟ ನನ್ನ ಮನೆಯಲ್ಲಿ.

ಅದಾಗದಿದ್ದರೆ ಸರ್ಕಾರಿ ದಾರಿಗಳಿವೆ, ಬ್ರೋಷರ್ ಇಲ್ಲದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸ ಮತ್ತು ತಯಾರಿಕೆಯ ಮೂರು ವರ್ಷದ ಡಿಪ್ಲೊಮಾ ಇದೆ. ಐಟಿಐಗಳಲ್ಲಿ ಡ್ರೆಸ್ ಮೇಕಿಂಗ್, ಸೀವಿಂಗ್ ಟೆಕ್ನಾಲಜಿ, ಫ್ಯಾಷನ್ ಡಿಸೈನ್, ಕಾಸ್ಮೆಟಾಲಜಿ ಎಲ್ಲವೂ ಒಂದೊಂದು ವರ್ಷದ ಟ್ರೇಡು. ನಿನ್ನ ಗೆಳತಿ ರೂಪಾ ಬ್ಯೂಟಿಷಿಯನ್ ಆಗಬೇಕು ಅಂತಿದ್ದಾಳಲ್ಲ, ಲಕ್ಷಗಟ್ಟಲೆ ಕೇಳುವ ಅಕಾಡೆಮಿಯ ಬಾಗಿಲು ತಟ್ಟುವ ಮುಂಚೆ ಕಾಸ್ಮೆಟಾಲಜಿ ಎಲ್ಲಿದೆ ಅಂತ ವಿಚಾರಿಸಲಿ. ಆ ಸರ್ಟಿಫಿಕೇಟಿಗೆ ದೇಶದಾದ್ಯಂತ ಬೆಲೆ ಇದೆ.

ರೂಪಾಳಿಗೂ ಈ ಕಾಗದ ಓದಿ ಹೇಳು, ಅವಳಿಗೆ ಹೇಳಬೇಕಾದ್ದು ಸ್ವಲ್ಪ ಇದೆ. ಅವರಪ್ಪ ‘ಮುಖ ಬಳಿಯೋದಕ್ಕೂ ಓದಾ?’ ಅಂದರಂತೆ. ನೂರು ವರ್ಷದ ಹಿಂದೆ ಸೋಪು ಮಾಡುವುದಕ್ಕೂ ಓದಾ ಅಂತ ಕೇಳಿದ್ದರೆ? ಮೈಸೂರು ಸಂಸ್ಥಾನದವರು ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಅದನ್ನೇ ಓದಿಸಿದರು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗದೆ ರಾಶಿ ಬಿದ್ದಾಗ ಎಣ್ಣೆ ತೆಗೆದರು, ಆ ಎಣ್ಣೆಯಿಂದ ಬಂದದ್ದು ಮೈಸೂರು ಸ್ಯಾಂಡಲ್. 1916ರ ಸುಮಾರಿನ ಮಾತು. ಜನ ಅವರನ್ನು ಸೋಪು ಶಾಸ್ತ್ರಿ ಅಂತಲೇ ಕರೆದರು. ನಾಗಮಂಗಲದ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಕೆಳಗೆ ಹರಳೆಣ್ಣೆ ದೀಪ ಇಟ್ಟು, ಹಿಡಿದ ಮಸಿಯನ್ನು ಬೆಳಗ್ಗೆ ಕೆರೆದು ತುಪ್ಪದಲ್ಲಿ ಕಲಸಿ ನಿಮ್ಮಜ್ಜಿ ಕಾಡಿಗೆ ಮಾಡುತ್ತಿದ್ದಳು. ಅವಳಿಗೆ ಅದು ರಸಾಯನಶಾಸ್ತ್ರ ಅಂತ ಗೊತ್ತಿರಲಿಲ್ಲ. ರೂಪಾಳಿಗೆ ಗೊತ್ತಿರಬೇಕು. ಕೂದಲಿಗೆ ಬಣ್ಣ ಹಚ್ಚುವ ಎರಡು ದಿನ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕು, ಕೆರೆತ ಬಂದರೆ ಗಿರಾಕಿಯನ್ನು ವಾಪಸು ಕಳಿಸಬೇಕು. ಸಾವಿರಾರು ರೂಪಾಯಿ ಕೈಬಿಟ್ಟು ವಾಪಸು ಕಳಿಸುವ ಗಟ್ಟಿತನವನ್ನು ಅವಳು ಸೇರುವ ಶಾಲೆ ಕಲಿಸುತ್ತದಾ ಇಲ್ಲವಾ ಅಂತ ಕೇಳು.

ಇನ್ನೊಂದು. ನಮ್ಮ ಕಡೆಯ ಮದುವೆಗಳಲ್ಲಿ ಈಗ ಹೆಣ್ಣಿನ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಕೈ ಇನ್ನೊಂದು. ಹೋದ ತಿಂಗಳು ಛತ್ರದಲ್ಲಿ ನೋಡಿದ ಮದುಮಗಳು ಬೂದಿಯಲ್ಲಿ ಹೊರಳಿದ ಹಾಗಿದ್ದಳು. ಮುದ್ದಾದ ಎಣ್ಣೆಗಪ್ಪು ಹುಡುಗಿ, ಪಾಪ, ಕನ್ನಡಿ ನೋಡಿ ತನ್ನನ್ನೇ ಹುಡುಕುತ್ತಿದ್ದಳು. 1975ರಿಂದ ಬೆಳ್ಳಗಾಗಿ ಬೆಳ್ಳಗಾಗಿ ಅಂತ ಮಾರಿದ ಕ್ರೀಮಿನವರೇ 2020ರಲ್ಲಿ ಹೆಸರಿನಿಂದ ‘ಫೇರ್’ ಅನ್ನುವುದನ್ನು ಕಿತ್ತು ಹಾಕಿದರು, ನಮ್ಮ ಮೇಕಪ್‌ನವರ ಕೈಯಿಂದ ಇನ್ನೂ ಹೋಗಿಲ್ಲ. ಕಬ್ಬಿನ ಗದ್ದೆಯ ಬಿಸಿಲು ಕಂಡ ಚರ್ಮಕ್ಕೆ ಹೊಂದುವ ಬಣ್ಣ ಬೆರೆಸಲು ಕಲಿತವಳು ಮಂಡ್ಯ ಜಿಲ್ಲೆಗೆ ಒಬ್ಬಳಾದರೂ ಬೇಕು. ರೂಪಾ ಅವಳಾಗಲಿ.

ಮೊಗ್ಗಿನ ಜಡೆಯನ್ನೂ ಬಿಡಬಾರದು ಅಂತ ಹೇಳು. ಅರಳದ ಮೊಗ್ಗನ್ನು ಆರಿಸಿ, ಬಾಳೆಪಟ್ಟೆಯ ಮೇಲೆ ಒಂದೇ ಅಳತೆಗೆ ಸಾಲು ಹಿಡಿದು ಹೊಲಿದು, ಮುಹೂರ್ತದ ಹೊತ್ತಿಗೆ ಅರಳುವ ಹಾಗೆ ಲೆಕ್ಕ ಇಡಬೇಕು. ಪಾಂಡವಪುರದಲ್ಲಿ ನಮ್ಮ ಬೀದಿಯ ಹೂವಿನ ಅಜ್ಜಿ ಅದನ್ನು ಎರಡು ಎಲೆಯಡಿಕೆಗೆ ಮಾಡಿಕೊಡುತ್ತಿದ್ದಳು. ಈಗ ಬೆಂಗಳೂರಿನಲ್ಲಿ ಅದಕ್ಕೆ ಸಾವಿರಗಳಲ್ಲಿ ರೇಟು. ನನಗೆ ಸಿಟ್ಟು ಬರುವುದು ರೇಟಿನ ಮೇಲಲ್ಲ, ಅಜ್ಜಿಗೆ ಅದು ಸಿಗಲಿಲ್ಲವಲ್ಲ ಅಂತ. ಕೂದಲು ಕತ್ತರಿಸುವ ಕೆಲಸವೂ ಹಾಗೇ. ಹಳ್ಳಿಯಲ್ಲಿ ಸವಿತಾ ಸಮಾಜದವರು ವರ್ಷವಿಡೀ ಕ್ಷೌರ ಮಾಡಿ, ಮದುವೆಗೆ ಓಲಗ ಊದಿ, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಮೊರದಲ್ಲಿ ಆಯ ಇಸಿದುಕೊಳ್ಳುತ್ತಿದ್ದರು. ಒಳಗೆ ಕರೆಯುತ್ತಿರಲಿಲ್ಲ. ಅದೇ ಕೆಲಸಕ್ಕೆ ಈಗ ಎಲ್ಲ ಜಾತಿಯ ಮಕ್ಕಳೂ ಫೀಸು ಕಟ್ಟಿ ಕಲಿತು ‘ಹೇರ್ ಸ್ಟೈಲಿಸ್ಟ್’ ಅಂತ ಬೋರ್ಡು ಹಾಕುತ್ತಾರೆ. ಹಾಕಲಿ, ಸಂತೋಷವೇ. ಆದರೆ ಆ ಕತ್ತರಿ ಹಿಡಿದವರ ಮಕ್ಕಳು ನಿಮ್ಮ ಕ್ಲಾಸಿನಲ್ಲಿದ್ದರೆ ಅವರ ಪಕ್ಕ ಕೂರಿ. ಕೈ ತಿರುಗಿಸುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕ್ಷೌರಿಕರೂ ದರ್ಜಿಗಳೂ ಹೂ ಕಟ್ಟುವವರೂ ಇದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ಕೊಡುತ್ತಾರೆ. ಬೀದಿಯಲ್ಲಿ ಯಾರಿಗಾದರೂ ಬೇಕಿದ್ದರೆ ಅರ್ಜಿ ತುಂಬಿಕೊಡು, ನಿನಗೆ ಮೊಬೈಲಿನಲ್ಲಿ ಅದೆಲ್ಲ ಬರುತ್ತದೆ.

ಮತ್ತೆ ನಿನ್ನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕ್ಲಾಸು ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊದಲ ಮೂರು ತಿಂಗಳು ಪೆದ್ದಿಯ ಹಾಗೆ ಕೂತಿರುತ್ತೀಯ. ಹೆದರಬೇಡ ಕಣವ್ವ. ಅವರು ಪ್ಲೀಟ್ ಅಂದರೆ ನಮ್ಮ ನೆರಿಗೆ. ಬಯಾಸ್ ಅಂದರೆ ನಾನು ನಿನಗೆ ಲಂಗ ಹೊಲಿಯುವಾಗ ಹೇಳುತ್ತಿದ್ದ ಓರೆ ಕಟಿಂಗು. ಸೀರೆಗೆ ನಮ್ಮಲ್ಲಿ ಅಂಚಿದೆ, ಸೆರಗಿದೆ, ಮಧ್ಯದ ಭಾಗಕ್ಕೆ ಒಡಲು ಅನ್ನುತ್ತಾರೆ. ಬಟ್ಟೆಗೆ ಹೊಟ್ಟೆ ಇಟ್ಟ ಭಾಷೆ ನಮ್ಮದು. ಡ್ರೇಪಿಂಗ್ ಅಂತ ಒಂದು ಪಾಠ ಇರುತ್ತದೆ. ಋತಾ ಕಪೂರ್ ಚಿಶ್ತಿ ಅನ್ನುವವರು ದೇಶವೆಲ್ಲ ಸುತ್ತಿ ಸೀರೆ ಉಡುವ ನೂರೆಂಟು ಕ್ರಮಗಳನ್ನು ದಾಖಲಿಸಿದ್ದಾರೆ. ನಿಮ್ಮಜ್ಜಿ ಗದ್ದೆ ಕೆಲಸಕ್ಕೆ ಸೀರೆ ಎತ್ತಿ ಕಟ್ಟುತ್ತಿದ್ದ ರೀತಿ ನನಗೆ ಇನ್ನೂ ಬರುತ್ತದೆ. ದಸರಾ ರಜೆಗೆ ಬಂದಾಗ ಉಟ್ಟು ತೋರಿಸುತ್ತೇನೆ, ಫೋನಿನಲ್ಲಿ ಹಿಡಿದುಕೋ. ನಾನು ಹೋದ ಮೇಲೆ ನಮ್ಮ ಮನೆಯಲ್ಲಿ ಅದು ಬರುವವರು ಯಾರೂ ಇಲ್ಲ.

ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಾಗ ಎಲ್ಲರೂ ಟ್ರಾಫಿಕ್ಕಿಗೆ ಶಾಪ ಹಾಕುತ್ತಾರೆ. ಅದು ರೇಷ್ಮೆ ಮಂಡಳಿಯ ಹೆಸರು, ನಮ್ಮಂಥವರ ಹಿಪ್ಪುನೇರಳೆ ತೋಟಕ್ಕೂ ಅದಕ್ಕೂ ನಂಟು ಅನ್ನುವುದು ಬಸ್ಸಿನಲ್ಲಿ ಕೂತ ಯಾರಿಗೂ ನೆನಪಾಗುವುದಿಲ್ಲ. ನಿನಗೆ ಆಗಲಿ. ದಾರ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಡಿಸೈನರ್ ಬರೀ ಚಿತ್ರ ಬರೆಯುವವಳು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ ಕೊಡಿಯಾಲ ಇದೆ, ಮಗ್ಗದ ಊರು. ನಮ್ಮ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟಿನವರು ಖಾದಿ ನೇಯ್ದು, ಗಿಡಮರಗಳ ಬಣ್ಣ ಹಾಕುತ್ತಾರೆ. ವೈರಮುಡಿಗೆ ವರ್ಷ ವರ್ಷವೂ ಹೋಗುತ್ತೀಯ, ಪುಳಿಯೋಗರೆ ತಿಂದು ಬರುತ್ತೀಯ. ಈ ಸಲ ಮಗ್ಗದ ಮನೆಗೂ ಹೋಗಿ ಬಾ. ನಿನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಿಲಾನು ಪ್ಯಾರಿಸ್ಸು ಅಂತ ಹುಡುಕುವ ಮುಂಚೆ ಮೂವತ್ತು ಕಿಲೋಮೀಟರಿನ ಸುತ್ತ ಒಂದು ಸಲ ಕಣ್ಣಾಡಿಸು ಅಂತ ಅಷ್ಟೇ.

ಸಿನಿಮಾಕ್ಕೆ ಬಟ್ಟೆ ಮಾಡುವ ಆಸೆ ಅಂದಿದ್ದೆ. ‘ತಾಯಿಸಾಹೇಬ’ ನೋಡು. ಅದರ ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದು ಮಿಂಚೂ ಇಲ್ಲ ಅದರಲ್ಲಿ. ಸೀರೆ ಮಾಸುವುದರಲ್ಲೇ ವರ್ಷಗಳು ಕಳೆದದ್ದು ಗೊತ್ತಾಗುತ್ತದೆ.

ಬೆಂಗಳೂರಿನ ಪಿ.ಜಿ.ಗಳಲ್ಲಿ ಮುದ್ದೆ ಮಾಡುವುದಿಲ್ಲವಂತೆ. ಹುಚ್ಚೆಳ್ಳು ಪುಡಿ ಕಳಿಸುತ್ತೇನೆ, ಅನ್ನಕ್ಕಾದರೂ ಕಲಸಿಕೋ. ದುಡ್ಡಿನ ವಿಷಯ: ನಿಮ್ಮಮ್ಮ ಗೃಹಲಕ್ಷ್ಮಿಯ ಎರಡು ಸಾವಿರವನ್ನು ಬಂದ ತಿಂಗಳೆಲ್ಲ ಮುಟ್ಟದೆ ಕೂಡಿಟ್ಟಿದ್ದಾಳೆ, ನಿನಗೆ ಹೇಳಬೇಡ ಅಂದಿದ್ದಳು, ಹೇಳಿಬಿಟ್ಟೆ. ನನ್ನ ಪೆನ್ಶನ್ನಿನಿಂದ ಪ್ರತಿ ತಿಂಗಳು ಐದು ಸಾವಿರ ಬರುತ್ತದೆ. ಸಾಲ ಅಂದುಕೊಳ್ಳಬೇಡ, ದಾನ ಅಂತಲೂ ಅಂದುಕೊಳ್ಳಬೇಡ. ಓದು ಮುಗಿದ ಮೇಲೆ ನೀನು ಕತ್ತರಿಸುವ ಮೊದಲ ಶರ್ಟು ನಿಮ್ಮಮ್ಮನ ಮುಂದೆ ಇಡಬೇಕು. ತೋಳು, ಜೇಬು, ಕಾಜಾ, ಎಲ್ಲವನ್ನೂ ಅವಳೇ ಹೊಲಿಯಲಿ. ಕಾಲರನ್ನು ಮಾತ್ರ ನೀನು ಹೊಲಿ. ಹೇಗೆ ಹೊಲಿಯುತ್ತೀಯ ಅಂತ ಅವಳು ನೋಡಲಿ.

ಈ ಕಾಗದದ ಜೊತೆ ಕಳಿಸುತ್ತಿರುವ ಚೀಲದ ತಳದಲ್ಲಿ, ಹಳೆ ಪಂಚೆಯಲ್ಲಿ ಸುತ್ತಿ ನನ್ನ ಮೀರತ್ ಕತ್ತರಿ ಇಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ಸಂಬಳದಲ್ಲಿ ಕೊಂಡದ್ದು, ನಾಲ್ಕು ತಾಲ್ಲೂಕು ನನ್ನ ಜೊತೆ ಟ್ರಾನ್ಸ್‌ಫರ್ ಆಗಿದೆ. ಮೊನ್ನೆ ಸಾಣೆ ಹಿಡಿಸಿದೆ. ಪಿ.ಜಿ.ಯ ಹುಡುಗಿಯರು ಕೇಳಿದರೆ ಕೊಡು, ಆದರೆ ಅದರಲ್ಲಿ ಯಾರೂ ಕಾಗದ ಕತ್ತರಿಸಬಾರದು, ಮೊನೆ ಮೊಂಡಾಗುತ್ತದೆ.

ಇತಿ ನಿನ್ನ
ದೊಡ್ಡಮ್ಮ